ಆರು ವರ್ಷಗಳ ಕಾಯುವಿಕೆ, ಹತ್ತು ವರ್ಷಗಳ ಕರಾರು: ಬೇಸ್‌ಬಾಲ್‌ನಲ್ಲಿ ವಯಸ್ಸಿನ ಬೆಲೆ

2011ರ ಡಿಸೆಂಬರಿನಲ್ಲಿ ಅಮೆರಿಕದ ಬೇಸ್‌ಬಾಲ್ ತಂಡವಾದ ಏಂಜಲ್ಸ್, ಆಲ್ಬರ್ಟ್ ಪುಹೋಲ್ಸ್ ಅವರೊಂದಿಗೆ ಹತ್ತು ವರ್ಷಗಳ, 24 ಕೋಟಿ ಡಾಲರುಗಳ ಕರಾರು ಮಾಡಿಕೊಂಡಿತು. ಪುಹೋಲ್ಸ್ ಅವರಿಗೆ ಆಗ 31 ವರ್ಷ. ಮರುತಿಂಗಳು 32 ತುಂಬುವುದಿತ್ತು. ಅದಕ್ಕೆ ಹಿಂದಿನ ಹನ್ನೊಂದು ವರ್ಷಗಳನ್ನು ಅವರು ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದಲ್ಲಿ ಕಳೆದಿದ್ದರು, 445 ಹೋಮ್‌ರನ್ (ಕ್ರಿಕೆಟ್ಟಿನ ಸಿಕ್ಸರಿನಂತೆ ಚೆಂಡನ್ನು ಮೈದಾನದ ಗಡಿಯಾಚೆಗೆ ಕಳುಹಿಸುವ ಹೊಡೆತ) ಬಾರಿಸಿದ್ದರು, ಮೂರು ಬಾರಿ ಲೀಗಿನ ಅತ್ಯುತ್ತಮ ಆಟಗಾರ ಪ್ರಶಸ್ತಿ ಪಡೆದಿದ್ದರು. ಹೊಸ ಕರಾರಿನ ಹತ್ತನೆಯ ವರ್ಷ ಮುಗಿಯುವ ಮೊದಲೇ, 2021ರ ಮೇ ತಿಂಗಳಿನಲ್ಲಿ, ಏಂಜಲ್ಸ್ ಅವರನ್ನು ತಂಡದಿಂದ ಕೈಬಿಟ್ಟಿತು. ಕಾರ್ಡಿನಲ್ಸ್‌ನಲ್ಲಿದ್ದಾಗ .328 ಇದ್ದ ಅವರ ಬ್ಯಾಟಿಂಗ್ ಸರಾಸರಿ (ಬ್ಯಾಟಿಂಗ್ ಅವಕಾಶಗಳಲ್ಲಿ ಎಷ್ಟು ಪಾಲು ಯಶಸ್ವಿ ಹೊಡೆತವಾಯಿತು ಎಂಬ ಲೆಕ್ಕ) ಏಂಜಲ್ಸ್‌ನಲ್ಲಿ .256ಕ್ಕೆ ಇಳಿದಿತ್ತು. ಅವರು ಇದ್ದಷ್ಟು ಕಾಲದಲ್ಲಿ ತಂಡ ಪ್ಲೇ‌ಆಫ್ ಹಂತ ತಲುಪಿದ್ದು ಒಂದೇ ಒಂದು ಬಾರಿ, 2014ರಲ್ಲಿ. ಅಲ್ಲಿಯೂ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ.

ಈ ಕರಾರನ್ನು ಬೇಸ್‌ಬಾಲ್ ಇತಿಹಾಸದ ದೊಡ್ಡ ದಡ್ಡತನಗಳಲ್ಲಿ ಒಂದೆಂದು ಎಣಿಸುವುದು ವಾಡಿಕೆಯಾಗಿದೆ. ವಯಸ್ಸಾದ ತಾರೆಯೊಬ್ಬರಿಗೆ ತಂಡವೊಂದು ಹೆಸರಿನ ಮೋಹದಿಂದ ಅತಿಯಾದ ಹಣ ಸುರಿಯಿತು ಎಂಬುದು ಆ ವಾದದ ತಿರುಳು. ಈ ಉಪನ್ಯಾಸದಲ್ಲಿ ನಾನು ಬೇರೊಂದು ಮಾತನ್ನು ಮುಂದಿಡುತ್ತೇನೆ. ಬೇಸ್‌ಬಾಲಿನ ವೇತನ ವ್ಯವಸ್ಥೆಯು ಆಟಗಾರನು ಅತ್ಯುತ್ತಮವಾಗಿ ಆಡುವ ವರ್ಷಗಳಲ್ಲಿ ಅವನಿಗೆ ನ್ಯಾಯವಾದ ಬೆಲೆ ಕೊಡುವುದಿಲ್ಲ. ಆ ಬಾಕಿಯನ್ನು ಇಳಿವಯಸ್ಸಿನಲ್ಲಿ, ಅದೂ ಸಾಮಾನ್ಯವಾಗಿ ಬೇರೊಂದು ತಂಡದಿಂದ, ತೀರಿಸಿಕೊಡುತ್ತದೆ. ಮುದಿ ತಾರೆಯ ದುಬಾರಿ ಕರಾರು ಈ ವ್ಯವಸ್ಥೆಯ ಸಹಜ ಫಲವೇ ಹೊರತು ಯಾರೋ ಒಬ್ಬ ಮಾಲೀಕರ ತಪ್ಪು ಲೆಕ್ಕವಲ್ಲ.

ಸಭೆಯಲ್ಲಿ ಬೇಸ್‌ಬಾಲನ್ನು ನಿಯಮಿತವಾಗಿ ನೋಡದವರೂ ಇರುವುದರಿಂದ ಒಂದು ವ್ಯತ್ಯಾಸವನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ನಮಗೆ ಪರಿಚಿತವಾದ ಐಪಿಎಲ್ ಹರಾಜಿನಲ್ಲಿ ಆಟಗಾರನು ತಾನು ಯಾವ ತಂಡಕ್ಕೆ ಹೋಗಬೇಕೆಂದು ಆರಿಸಿಕೊಳ್ಳುವುದಿಲ್ಲ. ಹೆಚ್ಚು ಬೆಲೆ ಕೂಗಿದ ತಂಡಕ್ಕೆ ಅವನು ಸೇರುತ್ತಾನೆ. 2011ರ ಹರಾಜಿಗೆ ಮೊದಲು ಬೆಂಗಳೂರಿನ ತಂಡವು ವಿರಾಟ್ ಕೊಹ್ಲಿ ಒಬ್ಬರನ್ನೇ ಉಳಿಸಿಕೊಂಡಿತು, ಊರಿನವರೇ ಆದ ರಾಹುಲ್ ದ್ರಾವಿಡ್ 38 ತುಂಬುವ ಹೊಸ್ತಿಲಲ್ಲಿ ಹರಾಜಿಗೆ ಹೋಗಿ 5 ಲಕ್ಷ ಡಾಲರಿಗೆ ರಾಜಸ್ಥಾನದ ಪಾಲಾದರು. ಆಗ ನಮ್ಮಲ್ಲಿ ಅನೇಕರಿಗೆ ಆದ ನೋವು ನಿಜವಾದದ್ದೇ. ಆದರೆ ಬೇಸ್‌ಬಾಲಿನ ಫ್ರೀ ಏಜೆಂಟ್ ಎಂದರೆ ಹರಾಜಿಗೆ ಬಂದ ಆಟಗಾರನಲ್ಲ. ಕರಾರು ಮುಗಿದು, ಮೂವತ್ತು ತಂಡಗಳಲ್ಲಿ ಯಾವುದರೊಂದಿಗೆ ಬೇಕಾದರೂ, ಎಷ್ಟು ವರ್ಷಗಳಿಗೆ ಬೇಕಾದರೂ ತಾನೇ ಮಾತುಕತೆ ನಡೆಸುವ ಹಕ್ಕುಳ್ಳವನು ಅವನು. ಆ ಹಕ್ಕು ಅವನಿಗೆ ಯಾವಾಗ ಸಿಗುತ್ತದೆ ಎಂಬುದರ ಮೇಲೆಯೇ ಮುಂದಿನ ಕಥೆಯೆಲ್ಲ ನಿಂತಿದೆ.

ಸುಮಾರು ಒಂದು ಶತಮಾನದ ಕಾಲ ಆ ಹಕ್ಕು ಯಾರಿಗೂ ಇರಲಿಲ್ಲ. 1879ರಲ್ಲಿ ಆರಂಭವಾಗಿ ಕ್ರಮೇಣ ಎಲ್ಲ ಕರಾರುಗಳಲ್ಲೂ ಸೇರಿಕೊಂಡ ರಿಸರ್ವ್ ಕ್ಲಾಸ್ ಎಂಬ ಷರತ್ತಿನ ಪ್ರಕಾರ, ಕರಾರಿನ ಅವಧಿ ಮುಗಿದರೂ ಆಟಗಾರನು ಅದೇ ತಂಡಕ್ಕೆ ಸೇರಿದವನಾಗಿ ಉಳಿಯುತ್ತಿದ್ದ. ತಂಡವು ಅವನನ್ನು ಮಾರಬಹುದಿತ್ತು, ವಿನಿಮಯ ಮಾಡಬಹುದಿತ್ತು, ಸಂಬಳ ಇಳಿಸಬಹುದಿತ್ತು. ಅವನಿಗಿದ್ದ ಆಯ್ಕೆ ಒಪ್ಪುವುದು ಅಥವಾ ಆಟವನ್ನೇ ಬಿಡುವುದು. 1922ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಏಕಸ್ವಾಮ್ಯ ವಿರೋಧಿ ಕಾನೂನು ಬೇಸ್‌ಬಾಲಿಗೆ ಅನ್ವಯಿಸುವುದಿಲ್ಲವೆಂದು ತೀರ್ಪು ಕೊಟ್ಟ ಮೇಲೆ ಮಾಲೀಕರ ಹಿಡಿತಕ್ಕೆ ನ್ಯಾಯಾಲಯದ ಮುದ್ರೆಯೂ ಬಿದ್ದಿತು.

ಈ ವ್ಯವಸ್ಥೆಗೆ ಎದುರಾಗಿ ನಿಂತ ಕರ್ಟ್ ಫ್ಲಡ್ ಅವರ ಹೆಸರನ್ನು ಗೌರವದಿಂದ ಹೇಳಲೇಬೇಕು. 1969ರ ಅಕ್ಟೋಬರಿನಲ್ಲಿ ಕಾರ್ಡಿನಲ್ಸ್ ಅವರನ್ನು ಫಿಲಡೆಲ್ಫಿಯಾ ತಂಡಕ್ಕೆ ವರ್ಗಾಯಿಸಿತು. ಹನ್ನೆರಡು ವರ್ಷ ಆಡಿದ್ದ, ವರ್ಷಕ್ಕೆ 90,000 ಡಾಲರ್ ಗಳಿಸುತ್ತಿದ್ದ ಈ ಆಫ್ರಿಕನ್ ಅಮೆರಿಕನ್ ಆಟಗಾರ, ಆ ವರ್ಷದ ಕ್ರಿಸ್‌ಮಸ್ ಹಿಂದಿನ ದಿನ ಬೇಸ್‌ಬಾಲ್ ಕಮಿಷನರ್ ಬೋವಿ ಕ್ಯೂನ್ ಅವರಿಗೆ ಪತ್ರ ಬರೆದು, ತನ್ನ ಇಚ್ಛೆಯನ್ನು ಲೆಕ್ಕಿಸದೆ ಕೊಂಡು ಮಾರಬಹುದಾದ ಆಸ್ತಿ ತಾನಲ್ಲ ಎಂದು ತಿಳಿಸಿದರು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1972ರ ಜೂನ್‌ನಲ್ಲಿ ನ್ಯಾಯಾಲಯವು ಬೇಸ್‌ಬಾಲಿಗೆ ಇರುವ ವಿನಾಯಿತಿ ಅಸಂಗತವೆಂದು ಒಪ್ಪಿಕೊಂಡೇ, ಅದನ್ನು ಸರಿಪಡಿಸುವುದು ಸಂಸತ್ತಿನ ಕೆಲಸವೆಂದು ಹೇಳಿ, 5–3ರ ಬಹುಮತದಿಂದ ಫ್ಲಡ್ ವಿರುದ್ಧ ತೀರ್ಪಿತ್ತಿತು. ಅಷ್ಟರಲ್ಲಿ ಅವರ ಆಟದ ಬದುಕು ಮುಗಿದಿತ್ತು. ಅವರು ಯಾವ ಹಕ್ಕಿಗಾಗಿ ಎಲ್ಲವನ್ನೂ ಪಣವಾಗಿಟ್ಟರೋ ಆ ಹಕ್ಕಿನಿಂದ ಅವರಿಗೆ ಒಂದು ಡಾಲರೂ ಬರಲಿಲ್ಲ.

ಬಾಗಿಲು ತೆರೆದದ್ದು ನ್ಯಾಯಾಲಯದಲ್ಲಲ್ಲ, ಮಧ್ಯಸ್ಥಿಕೆಯ ಮೇಜಿನ ಮುಂದೆ. ಉಕ್ಕು ಕಾರ್ಮಿಕರ ಸಂಘಟನೆಯಲ್ಲಿ ಅರ್ಥಶಾಸ್ತ್ರಜ್ಞರಾಗಿದ್ದ ಮಾರ್ವಿನ್ ಮಿಲ್ಲರ್ 1966ರಲ್ಲಿ ಆಟಗಾರರ ಸಂಘದ ಮುಖ್ಯಸ್ಥರಾದಾಗ ಕನಿಷ್ಠ ವೇತನ ವರ್ಷಕ್ಕೆ 6,000 ಡಾಲರ್ ಇತ್ತು. 1970ರಲ್ಲಿ ಅವರು ಗಳಿಸಿಕೊಂಡದ್ದು ದೂರುಗಳನ್ನು ನಿಷ್ಪಕ್ಷಪಾತಿ ಮಧ್ಯಸ್ಥರ ಮುಂದೆ ಒಯ್ಯುವ ಹಕ್ಕನ್ನು. ಆಂಡಿ ಮೆಸ್ಸರ್‌ಸ್ಮಿತ್ ಎಂಬ ಪಿಚರ್ (ಚೆಂಡೆಸೆಯುವ ಆಟಗಾರ) 1975ರ ಇಡೀ ಋತುವನ್ನು ಕರಾರಿಗೆ ಸಹಿ ಹಾಕದೆಯೇ ಆಡಿದರು. ತಂಡಕ್ಕೆ ಕರಾರನ್ನು ಒಂದು ವರ್ಷ ಮುಂದುವರಿಸುವ ಅಧಿಕಾರವಿದೆ, ಅನಂತ ಕಾಲದವರೆಗೆ ಅಲ್ಲ ಎಂಬುದು ಅವರ ಮತ್ತು ಇನ್ನೊಬ್ಬ ಪಿಚರ್ ಡೇವ್ ಮೆಕ್‌ನ್ಯಾಲಿ ಅವರ ವಾದ. 1975ರ ಡಿಸೆಂಬರ್ 23ರಂದು ಮಧ್ಯಸ್ಥ ಪೀಟರ್ ಸೈಟ್ಜ್ ಆ ವಾದವನ್ನು ಎತ್ತಿ ಹಿಡಿದರು. ಮಾಲೀಕರು ಅವರನ್ನು ಕೂಡಲೇ ಹುದ್ದೆಯಿಂದ ತೆಗೆದರು, ಆದರೆ ತೀರ್ಪನ್ನು ತೆಗೆಯಲಾಗಲಿಲ್ಲ.

ಇಲ್ಲಿಂದ ಮುಂದೆ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಇಂದಿನ ವಯಸ್ಸಿನ ಸಮಸ್ಯೆಯ ಬೇರು ಇಲ್ಲಿದೆ. ಓಕ್‌ಲ್ಯಾಂಡ್ ತಂಡದ ಮಾಲೀಕ ಚಾರ್ಲಿ ಫಿನ್ಲಿ, ಹಾಗಿದ್ದರೆ ಪ್ರತಿ ವರ್ಷವೂ ಎಲ್ಲ ಆಟಗಾರರನ್ನು ಸ್ವತಂತ್ರರನ್ನಾಗಿ ಬಿಟ್ಟುಬಿಡೋಣ ಎಂದು ಸಲಹೆ ಮಾಡಿದರು. ಉಳಿದ ಮಾಲೀಕರು ಅದನ್ನು ತಳ್ಳಿಹಾಕಿದರು. ಆದರೆ ಅವರೆಲ್ಲಿ ಅದನ್ನು ಒಪ್ಪಿಬಿಡುತ್ತಾರೋ ಎಂದು ಆತಂಕಪಟ್ಟವರು ಮಿಲ್ಲರ್. ನೂರಾರು ಆಟಗಾರರು ಒಮ್ಮೆಲೇ ಮಾರುಕಟ್ಟೆಗೆ ಬಂದರೆ ಬೆಲೆ ಕುಸಿಯುತ್ತದೆ, ಪ್ರತಿ ಚಳಿಗಾಲದಲ್ಲಿ ಕೆಲವರೇ ಬಂದರೆ ಅವರಿಗಾಗಿ ಪೈಪೋಟಿ ಏರುತ್ತದೆ ಎಂಬುದು ಅವರಿಗೆ ತಿಳಿದಿತ್ತು. 1976ರ ಒಪ್ಪಂದದಲ್ಲಿ ಎರಡೂ ಕಡೆಯವರು ಆರು ವರ್ಷಗಳ ಸೇವೆ ಎಂಬ ಗಡಿಗೆ ಒಪ್ಪಿದರು. ಮಾಲೀಕರಿಗೆ ಆರು ವರ್ಷಗಳ ಅಗ್ಗದ ದುಡಿಮೆ ದೊರಕಿತು. ಆಟಗಾರರಿಗೆ ಆ ನಂತರ ಏರುವ ಬೆಲೆ ದೊರಕಿತು, ಮತ್ತು ಆ ಬೆಲೆಯೇ ಉಳಿದವರ ಸಂಬಳವನ್ನೂ ಮೇಲಕ್ಕೆ ಎಳೆಯಿತು. ಆ ಕಾಲಕ್ಕೆ ಇದು ಬಹಳ ಜಾಣ ರಾಜಿ. ಆದರೆ ಆಟಗಾರನ ಮೈಗೆ ವಯಸ್ಸಾಗುವ ವೇಗವನ್ನು ಆಗ ಯಾರೂ ಸರಿಯಾಗಿ ಅಳೆದಿರಲಿಲ್ಲ.

ಆ ರಾಜಿಯ ಚೌಕಟ್ಟು ಇಂದಿಗೂ ಹೆಚ್ಚುಕಡಿಮೆ ಹಾಗೆಯೇ ಇದೆ. ಮೊದಲ ಮೂರು ವರ್ಷಗಳಲ್ಲಿ ಆಟಗಾರನಿಗೆ ತಂಡ ಕೊಟ್ಟದ್ದೇ ಸಂಬಳ. 2025ರಲ್ಲಿ ಕನಿಷ್ಠ ವೇತನ 7.6 ಲಕ್ಷ ಡಾಲರ್ ಇತ್ತು. ಅದರ ನಂತರದ ಮೂರು ವರ್ಷಗಳಲ್ಲಿ, ಒಮ್ಮತಕ್ಕೆ ಬರಲಾಗದಿದ್ದರೆ, ಸಂಬಳವನ್ನು ಮಧ್ಯಸ್ಥರು ನಿರ್ಧರಿಸುತ್ತಾರೆ. ಆರು ವರ್ಷ ಪೂರೈಸಿದ ಮೇಲಷ್ಟೇ ಸ್ವಾತಂತ್ರ್ಯ. ಕಾಲೇಜು ಮುಗಿಸಿ, ಕೆಳಗಿನ ದರ್ಜೆಯ ಲೀಗುಗಳಲ್ಲಿ ಎರಡು ಮೂರು ವರ್ಷ ಪಳಗಿ, 24ನೆಯ ವಯಸ್ಸಿನಲ್ಲಿ ಮೇಲಿನ ಲೀಗಿಗೆ ಬಂದ ಆಟಗಾರನಿಗೆ ಆ ಸ್ವಾತಂತ್ರ್ಯ ಸಿಗುವಾಗ 30 ಆಗಿರುತ್ತದೆ. ಬಹುಪಾಲು ಆಟಗಾರರು ಅಲ್ಲಿಯವರೆಗೆ ಉಳಿಯುವುದೇ ಇಲ್ಲ. ಗಾಯವೋ, ಹೊಸಬರ ಪೈಪೋಟಿಯೋ ಅವರನ್ನು ಅದಕ್ಕೆ ಮೊದಲೇ ಹೊರಗೆ ಕಳುಹಿಸುತ್ತದೆ. ನಾವು ಪತ್ರಿಕೆಗಳಲ್ಲಿ ಓದುವ ದೊಡ್ಡ ಮೊತ್ತಗಳು ಆ ಉಳಿದುಕೊಂಡ ಕೆಲವರವು.

ಇನ್ನು ವಯಸ್ಸಿನ ವಿಷಯ. ಅಂಕಿಅಂಶಗಳ ಮೂಲಕ ಆಟವನ್ನು ಅಧ್ಯಯನ ಮಾಡಿದ ಬಿಲ್ ಜೇಮ್ಸ್ 1980ರ ದಶಕದ ಆರಂಭದಲ್ಲಿಯೇ ಬ್ಯಾಟರುಗಳ ಆಟ 27ರ ಆಸುಪಾಸಿನಲ್ಲಿ ಶಿಖರ ಮುಟ್ಟುತ್ತದೆಂದು ತೋರಿಸಿದ್ದರು. ಆಗಿನ ಸಾಮಾನ್ಯ ನಂಬಿಕೆ 28ರಿಂದ 32ರವರೆಗಿನದ್ದೇ ಉತ್ತುಂಗ ಕಾಲ ಎಂಬುದಾಗಿತ್ತು. ನಂತರದ ಅಧ್ಯಯನಗಳು ಈ ಚಿತ್ರವನ್ನು ಇನ್ನಷ್ಟು ಸೂಕ್ಷ್ಮಗೊಳಿಸಿವೆ. ಎಲ್ಲ ಸಾಮರ್ಥ್ಯಗಳೂ ಒಟ್ಟಿಗೆ ಕುಗ್ಗುವುದಿಲ್ಲ. ಓಟದ ವೇಗ ಇಪ್ಪತ್ತರ ಮೊದಲರ್ಧದಲ್ಲೇ ಇಳಿಯತೊಡಗುತ್ತದೆ, ಅದರೊಂದಿಗೆ ಫೀಲ್ಡಿಂಗಿನ ವ್ಯಾಪ್ತಿಯೂ ಕಿರಿದಾಗುತ್ತದೆ. ಕೆಟ್ಟ ಎಸೆತವನ್ನು ಗುರುತಿಸಿ ಬಿಟ್ಟುಬಿಡುವ ತಾಳ್ಮೆ ಮೂವತ್ತು ದಾಟಿದ ಮೇಲೂ ಉಳಿದುಕೊಳ್ಳುತ್ತದೆ. ಆದ್ದರಿಂದಲೇ ಫೀಲ್ಡಿಂಗಿನಲ್ಲಿ ಹೆಚ್ಚು ಓಟ ಮತ್ತು ಚುರುಕು ಬೇಡುವ ಶಾರ್ಟ್‌ಸ್ಟಾಪ್ ಸ್ಥಾನದಲ್ಲಿ ಆರಂಭಿಸಿದವರು ವಯಸ್ಸಾದಂತೆ ಮೂರನೆಯ ಬೇಸಿಗೆ, ಅಲ್ಲಿಂದ ಮೊದಲನೆಯ ಬೇಸಿಗೆ, ಕೊನೆಗೆ ಬ್ಯಾಟಿಂಗ್ ಮಾತ್ರ ಮಾಡುವ ಡೆಸಿಗ್ನೇಟೆಡ್ ಹಿಟರ್ ಸ್ಥಾನಕ್ಕೆ ಸರಿಯುವುದನ್ನು ನೋಡುತ್ತೇವೆ. 2016ರಲ್ಲಿ 40 ವರ್ಷದ ಡೇವಿಡ್ ಒರ್ಟಿಜ್ .315 ಸರಾಸರಿಯಲ್ಲಿ 38 ಹೋಮ್‌ರನ್ ಹೊಡೆದು ನಿವೃತ್ತರಾದದ್ದು ಅಪವಾದವೇ ಸರಿ; ಆದರೆ ಅವರು ವರ್ಷಗಳ ಕಾಲ ಫೀಲ್ಡಿಂಗಿನ ಭಾರ ಹೊರದೆ ಇದ್ದದ್ದು ಆ ಅಪವಾದಕ್ಕೆ ಒಂದು ಕಾರಣ.

ಈ ಇಳಿಜಾರನ್ನು ಅಳೆಯುವಲ್ಲಿ ಒಂದು ಮೋಸವಿದೆ. 37ನೆಯ ವಯಸ್ಸಿನಲ್ಲಿ ಆಡುತ್ತಿರುವವರ ಸರಾಸರಿಯನ್ನಷ್ಟೇ ನೋಡಿದರೆ ವಯಸ್ಸು ಅಷ್ಟೇನೂ ಕ್ರೂರವಲ್ಲವೆನಿಸುತ್ತದೆ, ಏಕೆಂದರೆ ಕುಸಿದವರು ಅಷ್ಟರಲ್ಲಿ ಮನೆಗೆ ಹೋಗಿರುತ್ತಾರೆ, ಲೆಕ್ಕಕ್ಕೆ ಸಿಗುವವರು ಗಟ್ಟಿಗರು ಮಾತ್ರ. ಆದ್ದರಿಂದ ವಿಶ್ಲೇಷಕರು ಒಬ್ಬನೇ ಆಟಗಾರನ ಒಂದು ವರ್ಷವನ್ನು ಅವನದೇ ಮುಂದಿನ ವರ್ಷದೊಂದಿಗೆ ಹೋಲಿಸುತ್ತಾರೆ, ಮತ್ತು ಮಧ್ಯದಲ್ಲಿ ಮರೆಯಾದವರಿಗಾಗಿ ಪ್ರತ್ಯೇಕ ತಿದ್ದುಪಡಿ ಮಾಡುತ್ತಾರೆ.

ತಂಡಗಳು ಬೆಲೆ ಕಟ್ಟುವ ಬಗೆಯನ್ನು ಒಂದು ಕಲ್ಪಿತ ಉದಾಹರಣೆಯಿಂದ ವಿವರಿಸುತ್ತೇನೆ. ವಾರ್ ಎಂಬ ಅಳತೆಯೊಂದಿದೆ: ಕೆಳದರ್ಜೆಯ ಲೀಗಿನಿಂದ ಕನಿಷ್ಠ ಸಂಬಳಕ್ಕೆ ಯಾವಾಗ ಬೇಕಾದರೂ ಕರೆತರಬಹುದಾದ ಸಾಧಾರಣ ಆಟಗಾರನ ಬದಲು ಈತ ಆಡಿದ್ದರಿಂದ ತಂಡಕ್ಕೆ ಎಷ್ಟು ಗೆಲುವುಗಳು ಹೆಚ್ಚಾದವು ಎಂಬುದರ ಅಂದಾಜು ಅದು. ಫ್ರೀ ಏಜೆಂಟರ ಮಾರುಕಟ್ಟೆಯಲ್ಲಿ ಇಂಥ ಒಂದು ಗೆಲುವಿಗೆ ಸುಮಾರು 80 ಲಕ್ಷ ಡಾಲರ್ ಬೆಲೆಯೆಂದು ಹಿಡಿಯೋಣ. ವರ್ಷಕ್ಕೆ ಐದು ಗೆಲುವು ತರುವ 31 ವರ್ಷದ ಆಟಗಾರನೊಬ್ಬ ಮಾರುಕಟ್ಟೆಗೆ ಬಂದಿದ್ದಾನೆ. ಮೂವತ್ತರ ನಂತರ ಪ್ರತಿ ವರ್ಷ ಅರ್ಧ ಗೆಲುವಿನಷ್ಟು ಇಳಿಕೆಯೆಂಬುದು ಪ್ರಚಲಿತ ಲೆಕ್ಕ. ಆ ಪ್ರಕಾರ ಏಳು ವರ್ಷಗಳಲ್ಲಿ ಅವನು 5, 4.5, 4, 3.5, 3, 2.5, 2, ಒಟ್ಟು 24.5 ಗೆಲುವುಗಳನ್ನು ತರುತ್ತಾನೆ. ಅದರ ಬೆಲೆ 19.6 ಕೋಟಿ ಡಾಲರ್, ವರ್ಷಕ್ಕೆ ಸಮನಾಗಿ ಹಂಚಿದರೆ 2.8 ಕೋಟಿ. ಮೊದಲ ವರ್ಷ ಅವನು 4 ಕೋಟಿಯ ಆಟವಾಡಿ 2.8 ಕೋಟಿ ಪಡೆಯುತ್ತಾನೆ; ನಾಲ್ಕನೆಯ ವರ್ಷ ಎರಡೂ ಸರಿಸಮ; ಏಳನೆಯ ವರ್ಷ 1.6 ಕೋಟಿಯ ಆಟಕ್ಕೆ 2.8 ಕೋಟಿ ಸಿಗುತ್ತದೆ.

ಹೀಗೆ, ಲೆಕ್ಕದಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲದ, ಎಲ್ಲವೂ ಅಂದುಕೊಂಡಂತೆಯೇ ನಡೆದ ಕರಾರಿನಲ್ಲಿಯೂ ಕೊನೆಯ ಮೂರು ವರ್ಷಗಳು ನಷ್ಟದಂತೆಯೇ ಕಾಣುತ್ತವೆ. 37ನೆಯ ವಯಸ್ಸಿನಲ್ಲಿ ಆ ಆಟಗಾರ ಮೈದಾನಕ್ಕೆ ಇಳಿದಾಗ ಕೇಳಿಬರುವ ಕೂಗು, ಅಣಕ, ಪತ್ರಿಕೆಯ ತಲೆಬರಹ ಎಲ್ಲವೂ ಈ ಸಾದಾ ಗಣಿತವನ್ನು ಮರೆತಿರುತ್ತವೆ. ಕರಾರಿನ ಬೆಲೆ ಮೊದಲರ್ಧದಲ್ಲಿ ಸಂದಾಯವಾಗಿ ಹೋಗಿದೆ ಎಂಬುದನ್ನು ತಂಡದ ಕಚೇರಿಯವರು ಬಲ್ಲರು, ಆದರೆ ಅದನ್ನು ಅವರು ಪ್ರೇಕ್ಷಕರಿಗೆ ಬಾಯಿಬಿಟ್ಟು ಹೇಳುವುದಿಲ್ಲ. ಇದು ನನಗೆ ಬಹಳ ಬೇಸರ ತರುವ ಸಂಗತಿ.

ಅವಧಿ ಹಿಗ್ಗಲು ಇನ್ನೊಂದು ಕಾರಣವೂ ಇದೆ. ತಂಡದ ಒಟ್ಟು ಸಂಬಳ ನಿಗದಿತ ಮಿತಿ ದಾಟಿದರೆ ದಂಡದ ರೂಪದ ತೆರಿಗೆ ಕಟ್ಟಬೇಕು. 2025ರಲ್ಲಿ ಆ ಮಿತಿ 24.1 ಕೋಟಿ ಡಾಲರ್ ಇತ್ತು. ಈ ತೆರಿಗೆಯನ್ನು ಕರಾರಿನ ವಾರ್ಷಿಕ ಸರಾಸರಿಯ ಮೇಲೆ ಲೆಕ್ಕ ಹಾಕುವುದರಿಂದ, ಅದೇ ಮೊತ್ತವನ್ನು ಹೆಚ್ಚು ವರ್ಷಗಳಿಗೆ ಹಂಚಿದಷ್ಟೂ ತಂಡಕ್ಕೆ ಅನುಕೂಲ. 2022ರ ಚಳಿಗಾಲದಲ್ಲಿ ಸ್ಯಾನ್ ಡಿಯಾಗೊ ತಂಡವು 30 ವರ್ಷದ ಝ್ಯಾಂಡರ್ ಬೋಗಾರ್ಟ್ಸ್ ಅವರಿಗೆ ಹನ್ನೊಂದು ವರ್ಷಗಳ, 28 ಕೋಟಿಯ ಕರಾರು ಕೊಟ್ಟದ್ದು ಅವರು 40ರಲ್ಲಿಯೂ ಶಾರ್ಟ್‌ಸ್ಟಾಪ್ ಆಡುತ್ತಾರೆಂಬ ನಂಬಿಕೆಯಿಂದಲ್ಲ. ಕೊನೆಯ ವರ್ಷಗಳು ಮುಖ್ಯವಾಗಿ ಕಾಗದದ ಮೇಲೆ ಸರಾಸರಿಯನ್ನು ತಗ್ಗಿಸಲು ಇರುವಂಥವು.

ಈಗ ಪುಹೋಲ್ಸ್ ಅವರ ಗಳಿಕೆಯ ಮೊದಲ ಪುಟಗಳನ್ನು ತೆರೆಯೋಣ. 2001ರಲ್ಲಿ, ತಮ್ಮ ಮೊದಲ ವರ್ಷದಲ್ಲಿಯೇ, ಅವರು .329 ಸರಾಸರಿಯಲ್ಲಿ 37 ಹೋಮ್‌ರನ್ ಹೊಡೆದು ವರ್ಷದ ಹೊಸ ಆಟಗಾರ ಪ್ರಶಸ್ತಿ ಪಡೆದರು. ಸಂಬಳ 2 ಲಕ್ಷ ಡಾಲರ್. ಮರುವರ್ಷ 34 ಹೋಮ್‌ರನ್, 6 ಲಕ್ಷ. 2003ರಲ್ಲಿ .359 ಸರಾಸರಿ, 43 ಹೋಮ್‌ರನ್, 9 ಲಕ್ಷ. ಮೂರು ವರ್ಷಗಳಲ್ಲಿ 114 ಹೋಮ್‌ರನ್ ಹೊಡೆದ ಆಟಗಾರನಿಗೆ ಕೈಸೇರಿದ ಸಂಬಳ ಒಟ್ಟು 17 ಲಕ್ಷ ಡಾಲರ್. ಬಳಿಕ ಕಾರ್ಡಿನಲ್ಸ್ ಏಳು ವರ್ಷಗಳಿಗೆ 10 ಕೋಟಿ ಕೊಟ್ಟಿತು, ಅದೂ ಅವರ ಆಟದ ಬೆಲೆಗೆ ಬಹಳ ಕಡಿಮೆಯೇ. ಅವರನ್ನಿಟ್ಟುಕೊಂಡು 2006 ಮತ್ತು 2011ರಲ್ಲಿ ಋತುವಿನ ಪಟ್ಟ ನಿರ್ಧರಿಸುವ ವರ್ಲ್ಡ್ ಸೀರೀಸ್ ಗೆದ್ದದ್ದೂ ಕಾರ್ಡಿನಲ್ಸೇ. ಅವರು ಬಿಟ್ಟುಹೋದಾಗ ಪರಿಹಾರವಾಗಿ ಸಿಕ್ಕ ಡ್ರಾಫ್ಟ್ (ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಕ್ರಮ) ಆಯ್ಕೆಯಿಂದ ತಂಡ ಮೈಕೆಲ್ ವಾಕಾ ಎಂಬ ಪಿಚರನ್ನು ಪಡೆಯಿತು, 2013ರ ನ್ಯಾಷನಲ್ ಲೀಗ್ ಅಂತಿಮ ಸರಣಿಯ ಶ್ರೇಷ್ಠ ಆಟಗಾರರಾದವರು ಇದೇ ವಾಕಾ. ಫಸಲು ಒಬ್ಬರ ಕಣಜಕ್ಕೆ ಹೋಯಿತು, ಕೂಲಿ ಕೊಟ್ಟವರು ಇನ್ನೊಬ್ಬರು. ಆ ಕೂಲಿಯನ್ನು ಪುಹೋಲ್ಸ್ ಅವರ ದುರಾಸೆಯೆಂದು ಕರೆದವರ ಮಾತನ್ನು ನಾನು ಒಪ್ಪಲಾರೆ.

ಕ್ರಿಸ್ ಬ್ರಯಂಟ್ ಅವರ ಪ್ರಕರಣ ಇನ್ನೂ ಹೆಚ್ಚು ಕಲಿಸುತ್ತದೆ. 2015ರ ವಸಂತದ ಅಭ್ಯಾಸ ಪಂದ್ಯಗಳಲ್ಲಿ 23 ವರ್ಷದ ಬ್ರಯಂಟ್ ಒಂಬತ್ತು ಹೋಮ್‌ರನ್ ಹೊಡೆದರು. ಆದರೂ ಚಿಕಾಗೊ ಕಬ್ಸ್ ತಂಡವು ಅವರ ಫೀಲ್ಡಿಂಗ್ ಇನ್ನಷ್ಟು ಪಳಗಬೇಕೆಂಬ ಕಾರಣ ನೀಡಿ ಅವರನ್ನು ಕೆಳಗಿನ ಲೀಗಿಗೆ ಕಳುಹಿಸಿತು, ಏಪ್ರಿಲ್ 17ರಂದು ಮೇಲಕ್ಕೆ ಕರೆಸಿಕೊಂಡಿತು. ಸೇವೆಯ ಒಂದು ವರ್ಷವೆಂದು ಎಣಿಸಲು 172 ದಿನ ಬೇಕು. ಬ್ರಯಂಟ್ ಅವರ ಖಾತೆಯಲ್ಲಿ ಆ ವರ್ಷ ಜಮೆಯಾದದ್ದು 171 ದಿನ. ಒಂದು ದಿನದ ಕೊರತೆಯಿಂದ ಅವರ ಸ್ವಾತಂತ್ರ್ಯ ಇಡೀ ಒಂದು ವರ್ಷ ಮುಂದಕ್ಕೆ ಹೋಯಿತು. ಅವರು ಸಲ್ಲಿಸಿದ ದೂರನ್ನು 2020ರಲ್ಲಿ ಮಧ್ಯಸ್ಥರು ತಳ್ಳಿಹಾಕಿದರು. ತಂಡ ನಿಯಮವನ್ನು ಮೀರಿರಲಿಲ್ಲ, ಬಳಸಿಕೊಂಡಿತ್ತು.

ಆ ಅವಧಿಯಲ್ಲಿ ಬ್ರಯಂಟ್ ಕೊಟ್ಟದ್ದೇನು? 2015ರಲ್ಲಿ ವರ್ಷದ ಹೊಸ ಆಟಗಾರ, 2016ರಲ್ಲಿ 39 ಹೋಮ್‌ರನ್‌ಗಳೊಂದಿಗೆ ಲೀಗಿನ ಅತ್ಯುತ್ತಮ ಆಟಗಾರ, ಅದೇ ವರ್ಷ 108 ವರ್ಷಗಳ ನಂತರ ಕಬ್ಸ್‌ಗೆ ಬಂದ ವರ್ಲ್ಡ್ ಸೀರೀಸ್ ಕಿರೀಟ. ಡ್ರಾಫ್ಟ್ ವೇಳೆಯ ಬೋನಸ್ ಬಿಟ್ಟರೆ, ಮೊದಲ ಮೂರು ವರ್ಷಗಳಲ್ಲಿ ಅವರ ಸಂಬಳ ಒಟ್ಟು ಸುಮಾರು 22 ಲಕ್ಷ ಡಾಲರ್. ಮಧ್ಯಸ್ಥಿಕೆಯ ಹಕ್ಕು ಬಂದ ಕೂಡಲೇ, 2018ರಲ್ಲಿ, ಒಂದೇ ವರ್ಷಕ್ಕೆ 1.085 ಕೋಟಿ ಸಿಕ್ಕಿತು. ಅಂದರೆ ಅದಕ್ಕೆ ಮೊದಲು ತಡೆಹಿಡಿದದ್ದು ಎಷ್ಟೆಂಬುದು ಅಲ್ಲಿಯೇ ಕಾಣುತ್ತದೆ. ಕೊನೆಗೆ 2022ರ ಮಾರ್ಚಿನಲ್ಲಿ, 30ನೆಯ ವಯಸ್ಸಿನಲ್ಲಿ, ಕೊಲರಾಡೊ ರಾಕೀಸ್ ಅವರಿಗೆ ಏಳು ವರ್ಷಗಳಿಗೆ 18.2 ಕೋಟಿ ಕೊಟ್ಟಿತು. ಬೆನ್ನು ನೋವು ಮತ್ತಿತರ ಗಾಯಗಳಿಂದ ಮುಂದಿನ ನಾಲ್ಕು ಋತುಗಳ 648 ಪಂದ್ಯಗಳಲ್ಲಿ ಅವರು ಆಡಿದ್ದು 170. ನ್ಯಾಯವಾಗಿ ಒಂದು ಮಾತನ್ನು ಸೇರಿಸಬೇಕು: ಒಂದು ವರ್ಷ ಮೊದಲೇ, 2020ರ ಕೊನೆಗೆ ಅವರು ಸ್ವತಂತ್ರರಾಗಿದ್ದರೆ ಹೆಚ್ಚು ಹಣ ಸಿಗುತ್ತಿತ್ತೆಂದು ಹೇಳಲಾಗದು, ಏಕೆಂದರೆ ಸಾಂಕ್ರಾಮಿಕದ ಆ ಮೊಟಕು ಋತುವಿನಲ್ಲಿ ಅವರ ಸರಾಸರಿ .206 ಇತ್ತು. ಆದರೆ ನನ್ನ ವಾದ ಒಂದು ವರ್ಷದ್ದಲ್ಲ. 24ನೆಯ ವಯಸ್ಸಿನ ಬ್ರಯಂಟ್‌ಗೆ ಮಾರುಕಟ್ಟೆ ಇರಲಿಲ್ಲ. ಮಾರುಕಟ್ಟೆ ಸಿಕ್ಕಾಗ ಆ ಬ್ರಯಂಟ್ ಇರಲಿಲ್ಲ. ಒಂದು ತಂಡ ಲಾಭಪಟ್ಟಿತು, ಇನ್ನೊಂದು ನಷ್ಟಪಟ್ಟಿತು, ಅಭಿಮಾನಿಗಳ ಸಿಟ್ಟು ಮಾತ್ರ ಆಟಗಾರನ ತಲೆಗೆ ಬಂತು.

ಪಿಚರುಗಳ ವಿಷಯದಲ್ಲಿ ಲೆಕ್ಕ ಇನ್ನೂ ಕಠಿಣ, ಏಕೆಂದರೆ ಅವರ ತೋಳು ಮೆಲ್ಲನೆ ಇಳಿಯುವುದಕ್ಕಿಂತ ಹೆಚ್ಚಾಗಿ ಒಂದು ದಿನ ಮುರಿಯುತ್ತದೆ. ವಾಷಿಂಗ್ಟನ್ ನ್ಯಾಷನಲ್ಸ್ ತಂಡವೊಂದರಲ್ಲಿಯೇ ಇದರ ಎರಡೂ ತುದಿಗಳಿವೆ. 2015ರ ಜನವರಿಯಲ್ಲಿ 30 ವರ್ಷದ ಮ್ಯಾಕ್ಸ್ ಶರ್ಜರ್ ಅವರಿಗೆ ತಂಡವು ಏಳು ವರ್ಷಗಳಿಗೆ 21 ಕೋಟಿ ಕೊಟ್ಟಾಗ ಹುಬ್ಬೇರಿಸಿದವರು ಬಹಳ. ಅವರು 2016 ಮತ್ತು 2017ರಲ್ಲಿ ಶ್ರೇಷ್ಠ ಪಿಚರಿಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದರು, 2019ರಲ್ಲಿ ತಂಡಕ್ಕೆ ವರ್ಲ್ಡ್ ಸೀರೀಸ್ ತಂದುಕೊಡಲು ನೆರವಾದರು. ಆ ಸರಣಿಯ ಶ್ರೇಷ್ಠ ಆಟಗಾರರಾದ ಸ್ಟೀಫನ್ ಸ್ಟ್ರಾಸ್‌ಬರ್ಗ್ ಅವರಿಗೆ, 31ನೆಯ ವಯಸ್ಸಿನಲ್ಲಿ, ಅದೇ ತಂಡ ಅದೇ ಚಳಿಗಾಲದಲ್ಲಿ ಏಳು ವರ್ಷಗಳಿಗೆ 24.5 ಕೋಟಿ ಕೊಟ್ಟಿತು. ಆ ನಂತರ ಅವರು ಆಡಲಾದದ್ದು ಎಂಟೇ ಪಂದ್ಯ. ವಯಸ್ಸು ಹೆಚ್ಚುಕಡಿಮೆ ಒಂದೇ, ಅವಧಿ ಒಂದೇ, ನಿರ್ಧರಿಸಿದ ಆಡಳಿತವೂ ಒಂದೇ. ಇಲ್ಲಿ ಜಾಣತನ ಮತ್ತು ದಡ್ಡತನವನ್ನು ಫಲಿತಾಂಶ ನೋಡಿದ ಮೇಲೆ ಹಂಚುವುದು ಸುಲಭ. ಮೊಣಕೈಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮರಳಿದ ಜಸ್ಟಿನ್ ವರ್‌ಲ್ಯಾಂಡರ್ 2022ರಲ್ಲಿ, 39ನೆಯ ವಯಸ್ಸಿನಲ್ಲಿ, ಸೈ ಯಂಗ್ ಪ್ರಶಸ್ತಿ ಗೆಲ್ಲುತ್ತಾರೆಂದು ಯಾವ ಸೂತ್ರವೂ ಮುಂಚಿತವಾಗಿ ಹೇಳಿರಲಿಲ್ಲ.

ತಂಡಗಳು ಈ ಗಣಿತವನ್ನು ಕಲಿತ ಮೇಲೆ ಏನಾಯಿತು ಎಂಬುದು ನನ್ನ ಮುಖ್ಯ ಕಳವಳ. 1985ರಿಂದ 1987ರವರೆಗೆ ಮಾಲೀಕರು ತಮ್ಮೊಳಗೆ ಗುಟ್ಟಾಗಿ ಒಪ್ಪಿಕೊಂಡು ಫ್ರೀ ಏಜೆಂಟರಿಗೆ ಬೆಲೆ ಕೂಗುವುದನ್ನೇ ನಿಲ್ಲಿಸಿದ್ದರು. ಆಂಡ್ರೆ ಡಾಸನ್‌ರಂಥ ಆಟಗಾರರು 1987ರಲ್ಲಿ ಖಾಲಿ ಕರಾರಿಗೆ ಸಹಿ ಹಾಕಿ, ಮೊತ್ತವನ್ನು ನೀವೇ ತುಂಬಿಕೊಳ್ಳಿ ಎಂದು ಕಬ್ಸ್‌ಗೆ ಕೊಡಬೇಕಾಯಿತು. ಅದೇ ವರ್ಷ ಅವರು ಲೀಗಿನ ಅತ್ಯುತ್ತಮ ಆಟಗಾರರಾದರು. ಆ ಒಳಸಂಚಿಗಾಗಿ ಮಾಲೀಕರು ಕೊನೆಗೆ 28 ಕೋಟಿ ಡಾಲರ್ ಪರಿಹಾರ ತೆತ್ತರು. 2017–18ರ ಚಳಿಗಾಲದಲ್ಲಿ ಮಾರುಕಟ್ಟೆ ಮತ್ತೆ ಹೆಪ್ಪುಗಟ್ಟಿದಾಗ, ಅಭ್ಯಾಸ ಶಿಬಿರಗಳು ಶುರುವಾದರೂ ತಂಡ ಸಿಗದ ಆಟಗಾರರಿಗಾಗಿ ಸಂಘವು ಫ್ಲಾರಿಡಾದಲ್ಲಿ ಪ್ರತ್ಯೇಕ ಶಿಬಿರ ನಡೆಸಬೇಕಾಯಿತು. ಮರುವರ್ಷ ತಂಡ ಸಿಗದೆ ಪಿಚರುಗಳಾದ ಕ್ರೇಗ್ ಕಿಂಬ್ರೆಲ್ ಮತ್ತು ಡ್ಯಾಲಸ್ ಕೈಕಲ್ ಜೂನ್‌ವರೆಗೂ ಕಾದರು. ಮತ್ತೆ ಒಳಸಂಚು ನಡೆದಿದೆಯೇ ಎಂಬ ಅನುಮಾನ ಎದ್ದಿತು. ನನ್ನ ತಿಳಿವಳಿಕೆಯಲ್ಲಿ ಅದರ ಅಗತ್ಯವೇ ಇರಲಿಲ್ಲ: ಮೂವತ್ತು ಕಚೇರಿಗಳಲ್ಲಿಯೂ ಒಂದೇ ಬಗೆಯ ತರಬೇತಿ ಪಡೆದ ವಿಶ್ಲೇಷಕರು ಒಂದೇ ಬಗೆಯ ಇಳಿಜಾರಿನ ರೇಖೆ ಎಳೆದು ಒಂದೇ ಉತ್ತರಕ್ಕೆ ಬಂದಿದ್ದರು. ಮೂವತ್ತು ದಾಟಿದವರಿಗೆ ಕೊಡುವುದು ಹೆಚ್ಚಾಯಿತು ಎಂದು ಅವರು ಕಂಡುಕೊಂಡರು, ಆದರೆ ಇಪ್ಪತ್ತೈದರವರಿಗೆ ಕೊಡುವುದು ಕಡಿಮೆಯಾಯಿತು ಎಂದು ತಿದ್ದಿಕೊಳ್ಳಲಿಲ್ಲ. ಹಳೆಯ ರಾಜಿಯ ಒಂದು ಕಾಲನ್ನು ಕಿತ್ತು, ಇನ್ನೊಂದನ್ನು ಹಾಗೆಯೇ ಬಿಟ್ಟಂತಾಯಿತು.

2021ರ ಡಿಸೆಂಬರಿನಲ್ಲಿ ಆರಂಭವಾಗಿ ಮಾಲೀಕರು ಆಟಗಾರರನ್ನು ಹೊರಗಿಟ್ಟು ಬಾಗಿಲು ಮುಚ್ಚಿದ, 99 ದಿನ ನಡೆದ ಲಾಕ್‌ಔಟ್‌ನ ಹಿಂದೆ ಈ ಅಸಮಾಧಾನವೇ ಇತ್ತು. ಅದರ ಕೊನೆಗೆ ಆದ ಒಪ್ಪಂದದಲ್ಲಿ ಕನಿಷ್ಠ ವೇತನ ಏರಿತು, ಮಧ್ಯಸ್ಥಿಕೆಗೆ ಇನ್ನೂ ಅರ್ಹರಾಗದ ಯುವ ಆಟಗಾರರ ಸಾಧನೆಗೆಂದು ವರ್ಷಕ್ಕೆ 5 ಕೋಟಿ ಡಾಲರುಗಳ ನಿಧಿ ಬಂತು, ಹೊಸ ಆಟಗಾರ ಪ್ರಶಸ್ತಿಯ ಮತದಾನದಲ್ಲಿ ಮೊದಲ ಎರಡು ಸ್ಥಾನ ಪಡೆದವರಿಗೆ ದಿನಗಳ ಲೆಕ್ಕವಿಲ್ಲದೆ ಪೂರ್ಣ ವರ್ಷದ ಸೇವೆ ದೊರೆಯುವ ನಿಯಮವಾಯಿತು. ಬ್ರಯಂಟ್‌ಗೆ ಆದದ್ದು ಇನ್ನೊಬ್ಬರಿಗೆ ಅಷ್ಟು ಸುಲಭವಾಗಿ ಆಗದು. ಸ್ವಾಗತಾರ್ಹವೇ, ಆದರೆ ಮೂವತ್ತು ತಂಡಗಳ ಯುವಕರೆಲ್ಲರಿಗೆ ಹಂಚುವ 5 ಕೋಟಿ ಒಬ್ಬ ದೊಡ್ಡ ತಾರೆಯ ಒಂದು ವರ್ಷದ ಸಂಬಳದ ಹತ್ತಿರಕ್ಕೆ ಬರುವ ಮೊತ್ತವಷ್ಟೇ.

ಉಪನ್ಯಾಸದ ಕೊನೆಗೆ ಸಭಿಕರೊಬ್ಬರು, ಸೇವೆಯ ವರ್ಷಗಳ ಬದಲು ವಯಸ್ಸನ್ನೇ ಗಡಿಯಾಗಿ ಇಟ್ಟರೆ ಸರಿಹೋಗುವುದಿಲ್ಲವೇ ಎಂದು ಕೇಳಿದರು. ಅದಕ್ಕೆ ನಾನು ಕೊಟ್ಟ ಉತ್ತರವನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ. 2021ರ ಮಾತುಕತೆಯಲ್ಲಿ ಮಾಲೀಕರೇ ಇಪ್ಪತ್ತೊಂಬತ್ತೂವರೆ ವರ್ಷಕ್ಕೆ ಸ್ವಾತಂತ್ರ್ಯವೆಂಬ ಸಲಹೆಯನ್ನು ಮುಂದಿಟ್ಟಿದ್ದರು, ಸಂಘ ಒಪ್ಪಲಿಲ್ಲ. ಕಾರಣವನ್ನು ಇಬ್ಬರು ಆಟಗಾರರ ಬದುಕಿನಲ್ಲಿ ನೋಡಬಹುದು. ಆ್ಯರನ್ ಜಡ್ಜ್ ಕಾಲೇಜು ಮುಗಿಸಿ ಬಂದವರು, ನ್ಯೂಯಾರ್ಕ್ ಯಾಂಕೀಸ್ ತಂಡಕ್ಕೆ ಮೊದಲ ಬಾರಿ ಆಡಿದ್ದು 24ರಲ್ಲಿ. 2022ರ ಆರಂಭದಲ್ಲಿ ಅವರು ತಂಡದ ಏಳು ವರ್ಷಗಳ, 21.35 ಕೋಟಿಯ ಕೊಡುಗೆಯನ್ನು ಬೇಡವೆಂದರು, ಆ ಋತುವಿನಲ್ಲಿ 62 ಹೋಮ್‌ರನ್ ಹೊಡೆದರು, 30ನೆಯ ವಯಸ್ಸಿನಲ್ಲಿ ಒಂಬತ್ತು ವರ್ಷಗಳಿಗೆ 36 ಕೋಟಿ ಪಡೆದರು. 2024 ಮತ್ತು 2025ರಲ್ಲಿ ಮತ್ತೆ ಲೀಗಿನ ಅತ್ಯುತ್ತಮ ಆಟಗಾರರಾದರು. ಡೊಮಿನಿಕನ್ ಗಣರಾಜ್ಯದಿಂದ 16ನೆಯ ವಯಸ್ಸಿನಲ್ಲಿ ಸಹಿ ಹಾಕಿದ ಹ್ವಾನ್ ಸೋಟೊ 19ಕ್ಕೇ ಮೇಲಿನ ಲೀಗಿನಲ್ಲಿ ಆಡತೊಡಗಿದ್ದರಿಂದ ಅವರ ಆರು ವರ್ಷಗಳು 26ರ ವೇಳೆಗೆ ಮುಗಿದವು. 2024ರ ಡಿಸೆಂಬರಿನಲ್ಲಿ ಮೆಟ್ಸ್ ತಂಡವು ಅವರಿಗೆ ಹದಿನೈದು ವರ್ಷಗಳಿಗೆ 76.5 ಕೋಟಿ ಕೊಟ್ಟಿತು.

ವಯಸ್ಸಿನ ಗಡಿಯಿದ್ದಿದ್ದರೆ ಜಡ್ಜ್ ಒಂದು ವರ್ಷ ಮೊದಲೇ ಸ್ವತಂತ್ರರಾಗುತ್ತಿದ್ದರು, ಸೋಟೊ ಕನಿಷ್ಠ ಮೂರು ವರ್ಷ ಹೆಚ್ಚು ಕಾಯುತ್ತಿದ್ದರು. ಉತ್ತುಂಗದ ವಯಸ್ಸಿನಲ್ಲಿ ಮಾರುಕಟ್ಟೆಗೆ ಬರುವ ಕೆಲವೇ ಮಂದಿಯನ್ನೂ ಆ ಸಲಹೆ ತಡೆದು ನಿಲ್ಲಿಸುತ್ತಿತ್ತು. ಎಲ್ಲರೂ ಇಳಿಜಾರಿನ ಆರಂಭದಲ್ಲೇ ಮಾರುಕಟ್ಟೆಗೆ ಬಂದಿದ್ದರೆ ಗೆಲುವಿನ ಬೆಲೆಯನ್ನು ಮೇಲಕ್ಕೆ ಎಳೆಯುವವರೇ ಇರುತ್ತಿರಲಿಲ್ಲ. ಆದ್ದರಿಂದ ಸೇವೆಯ ಗಡಿಯನ್ನು ಉಳಿಸಿಕೊಂಡೇ ಅದನ್ನು ಐದು ವರ್ಷಕ್ಕೆ ಇಳಿಸುವುದು, ಮಧ್ಯಸ್ಥಿಕೆಯ ಹಕ್ಕನ್ನು ಆಗ ಸಂಘ ಕೇಳಿದ್ದಂತೆ ಎರಡನೆಯ ವರ್ಷದ ನಂತರವೇ ಕೊಡುವುದು ಮೇಲೆಂದು ನನಗೆ ತೋರುತ್ತದೆ. ಇವೆರಡರಲ್ಲಿ ಎರಡನೆಯದೇ ಹೆಚ್ಚು ಜನರಿಗೆ ತಲುಪುತ್ತದೆ. ಐದನೆಯ ವರ್ಷವನ್ನು ಕಾಣದೆ ಹೊರನಡೆಯುವ ಆಟಗಾರರೇ ಹೆಚ್ಚು, ಎರಡು ವರ್ಷ ಪೂರೈಸುವವರು ಅವರಲ್ಲಿ ಅನೇಕರಿದ್ದಾರೆ. ಈಗಿನ ಒಪ್ಪಂದದ ಅವಧಿ 2026ರ ಡಿಸೆಂಬರ್ 1ರವರೆಗೆ ಇದೆ, ಮುಂದಿನ ಒಪ್ಪಂದದಲ್ಲಿ ಈ ಎರಡು ಅಂಕಿಗಳು ಬದಲಾಗುತ್ತವೆಯೇ ಎಂಬುದನ್ನು ನಾನು ಉಳಿದೆಲ್ಲಕ್ಕಿಂತ ಹೆಚ್ಚು ಗಮನವಿಟ್ಟು ನೋಡುತ್ತೇನೆ.